ಹೊಟ್ಟೆಯುಬ್ಬರ ಇಳಿಯದ ಮೂರನೆಯ ದಿನ

ಸಿಸೇರಿಯನ್ ಆದವರ ವಾರ್ಡಿನಲ್ಲಿ ಬೆಳಗಿನ ರೌಂಡ್ಸ್ ಶುರುವಾದರೆ ಹಾಸಿಗೆಯಿಂದ ಹಾಸಿಗೆಗೆ ಒಂದೇ ಪ್ರಶ್ನೆ ಸಾಗುತ್ತದೆ: ‘ಗ್ಯಾಸ್ ಹೋಯ್ತೇನಮ್ಮಾ?’ ಬಾಣಂತಿ ನಾಚಿಕೊಂಡು ಸುಮ್ಮನಾದರೆ ಪಕ್ಕದಲ್ಲಿ ಕೂತ ಅಮ್ಮನೋ ಅತ್ತೆಯೋ ‘ಹೋಯ್ತು ಡಾಕ್ಟ್ರೇ, ರಾತ್ರೀನೇ ಹೋಯ್ತು’ ಎಂದು ಅವಳ ಪರವಾಗಿ ಉತ್ತರಿಸುತ್ತಾರೆ. ಕೇಸ್ ಶೀಟಿನಲ್ಲಿ ಒಂದು ಟಿಕ್ ಬೀಳುತ್ತದೆ, ಊಟ ಶುರುವಾಗುತ್ತದೆ, ವೈದ್ಯರು ಮುಂದಿನ ಹಾಸಿಗೆಗೆ ಹೋಗುತ್ತಾರೆ.

ಕೇಳಲೇಬೇಕಾದ ಪ್ರಶ್ನೆ ಅದು. ಹೊಟ್ಟೆ ಕೊಯ್ದು ಮಾಡುವ ಯಾವ ಆಪರೇಷನ್ ಆದರೂ ಕರುಳು ಸ್ವಲ್ಪ ಹೊತ್ತು ಸ್ತಬ್ಧವಾಗುತ್ತದೆ. ಸಣ್ಣಕರುಳು ಕೆಲವೇ ಗಂಟೆಗಳಲ್ಲಿ ಚಲನೆಗೆ ಮರಳುತ್ತದೆ. ಜಠರಕ್ಕೆ ಒಂದೆರಡು ದಿನ ಬೇಕು. ದೊಡ್ಡಕರುಳು ಎಲ್ಲಕ್ಕಿಂತ ನಿಧಾನ, ಎರಡು ಮೂರು ದಿನವೂ ಹಿಡಿಯಬಹುದು. ಅಷ್ಟರವರೆಗೆ ಹೊಟ್ಟೆ ಕೊಂಚ ಬಿಗಿಯುವುದು, ಗುಡುಗುಡು ಎನ್ನುವುದು, ಊಟ ಬೇಡವೆನಿಸುವುದು ಬಹುತೇಕ ಎಲ್ಲ ಬಾಣಂತಿಯರ ಅನುಭವ. ಗಾಳಿ ಹೊರಟಿತೆಂದರೆ ಕರುಳು ಎದ್ದಿದೆ ಎಂದು ಲೆಕ್ಕ. ಸಾವಿರಾರು ಹೆಂಗಸರ ವಿಷಯದಲ್ಲಿ ಈ ಲೆಕ್ಕ ತಪ್ಪುವುದಿಲ್ಲ.

ಅದು ತಪ್ಪುವ ಒಂದು ಕಾಯಿಲೆಯಿದೆ. ಅದರಲ್ಲಿ ದೊಡ್ಡಕರುಳಿಗೆ ಎಲ್ಲಿಯೂ ತಡೆಯಿರುವುದಿಲ್ಲ, ಗಂಟಿರುವುದಿಲ್ಲ, ತಿರುಚಿರುವುದಿಲ್ಲ. ಆದರೂ ತಡೆ ಬಿದ್ದಂತೆಯೇ ಅದು ಗಾಳಿ ತುಂಬಿಕೊಂಡು ಉಬ್ಬುತ್ತ ಹೋಗುತ್ತದೆ. ಇಂಥ ರೋಗಿಗಳಲ್ಲಿ 100ಕ್ಕೆ 40ರಿಂದ 50 ಮಂದಿಗೆ ಗಾಳಿಯೋ ಮಲವೋ ಹೋಗುತ್ತಲೇ ಇರುತ್ತದೆ. ಕೆಲವರಿಗೆ ನೀರಾಗಿ ಭೇದಿಯೂ ಆಗುತ್ತದೆ. ‘ಗ್ಯಾಸ್ ಹೋಯ್ತಾ’ ಎಂಬ ಪ್ರಶ್ನೆಗೆ ‘ಹೌದು’ ಎನ್ನುವ ಪ್ರಾಮಾಣಿಕ ಉತ್ತರವೇ ಇಲ್ಲಿ ದಾರಿ ತಪ್ಪಿಸುತ್ತದೆ. ಬಾಣಂತಿಯ ಹೊಟ್ಟೆಯನ್ನು ಬಟ್ಟೆ ಸರಿಸಿ ನೋಡಬೇಕು, ಮುಟ್ಟಬೇಕು, ಅಳೆಯಬೇಕು. ಗಾಳಿ ಹೋಯಿತೋ ಇಲ್ಲವೋ ಎಂಬುದಕ್ಕಿಂತ ಹೊಟ್ಟೆ ನಿನ್ನೆಗಿಂತ ಇಂದು ಇಳಿದಿದೆಯೋ ಏರಿದೆಯೋ ಎಂಬುದು ದೊಡ್ಡ ಪ್ರಶ್ನೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ.

ವೈದ್ಯರು ಇದನ್ನು ಓಗಿಲ್ವಿ ಸಿಂಡ್ರೋಮ್ ಎನ್ನುತ್ತಾರೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ಜನ್ ಸರ್ ವಿಲಿಯಂ ಹೆನಿಯೇಜ್ ಓಗಿಲ್ವಿ 1948ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ರೋಗಿಗಳ ಕಥೆ ಬರೆದರು. ಇಬ್ಬರಿಗೂ ದೊಡ್ಡಕರುಳು ಕಟ್ಟಿಕೊಂಡ ಲಕ್ಷಣಗಳಿದ್ದವು. ಹೊಟ್ಟೆ ತೆರೆದು ನೋಡಿದರೆ ಕರುಳಿನಲ್ಲಿ ತಡೆಯೇ ಇರಲಿಲ್ಲ. ಬೆನ್ನುಮೂಳೆಯ ಮುಂಭಾಗದಲ್ಲಿ, ಕರುಳಿಗೆ ನರಗಳು ಹೊರಡುವ ಜಾಗದಲ್ಲಿ ಕ್ಯಾನ್ಸರ್ ಹಬ್ಬಿತ್ತು. ನರದ ಪೂರೈಕೆ ಕೆಟ್ಟದ್ದೇ ಕರುಳು ಕೆಡಲು ಕಾರಣ ಎಂದು ಅವರು ಗ್ರಹಿಸಿದರು. ಯಾವ ನರ ಎಂಬುದರಲ್ಲಿ ಮಾತ್ರ ಇಂದಿನ ವಿಜ್ಞಾನ ಅವರಿಗಿಂತ ಬೇರೆ ಕಡೆ ಬೆರಳು ಮಾಡುತ್ತದೆ. ಕರುಳಿನ ವೇಗಕ್ಕೆ ಬ್ರೇಕ್ ಹಾಕುವ ಸಿಂಪಥೆಟಿಕ್ ನರಗಳ ಬಲ ಕುಂದಿತು ಎಂದು ಓಗಿಲ್ವಿ ಭಾವಿಸಿದ್ದರು. ಕರುಳನ್ನು ಮುಂದಕ್ಕೆ ದೂಡುವ ಪ್ಯಾರಾಸಿಂಪಥೆಟಿಕ್ ನರಗಳು ಮಂಕಾಗಿ, ಬ್ರೇಕಿನ ಕೈ ಮೇಲಾಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಆಮೇಲೆ ಬಂದ ಮದ್ದು ಕೆಲಸ ಮಾಡುವುದೂ ಈ ಎರಡನೆಯ ವಿವರಣೆಯ ದಾರಿಯಲ್ಲೇ.

ಕ್ಯಾನ್ಸರ್ ರೋಗಿಗಳಲ್ಲಿ ಮೊದಲು ಕಂಡ ಕಾಯಿಲೆಗೂ ಇಪ್ಪತ್ತೈದರ ಬಾಣಂತಿಗೂ ಎತ್ತಣ ಸಂಬಂಧ? ಈ ಕಾಯಿಲೆ ಹೆಚ್ಚಾಗಿ ಕಾಣುವುದು ವಯಸ್ಸಾದವರಲ್ಲಿ. ಸೊಂಟದ ಮೂಳೆ ಮುರಿದು ಮಲಗಿದವರು, ಹೃದಯದ ಆಪರೇಷನ್ ಆದವರು, ತೀವ್ರ ಸೋಂಕಿನಿಂದ ಐಸಿಯು ಸೇರಿದವರು. ಆದರೆ ಆರೋಗ್ಯವಂತ ಹರೆಯದ ಹೆಂಗಸರಲ್ಲಿ ಇದು ಬಂದರೆ ಹಿಂದೆ ಸಾಮಾನ್ಯವಾಗಿ ಒಂದು ಸಿಸೇರಿಯನ್ ಇರುತ್ತದೆ. ದೊಡ್ಡಕರುಳಿನ ಕೊನೆಯ ಭಾಗಕ್ಕೆ ಚಲನೆಯ ಸೂಚನೆ ಒಯ್ಯುವ ನರಗಳು ಬೆನ್ನಿನ ತಳದಿಂದ ಹೊರಟು, ಗರ್ಭಕಂಠ ಮತ್ತು ಯೋನಿಯ ಪಕ್ಕದಲ್ಲೇ ಹಾದು ಹೋಗುತ್ತವೆ. ತುಂಬು ಬಸಿರಿನ ಒತ್ತಡ, ಆಪರೇಷನ್ನಿನ ಎಳೆದಾಟ, ರಕ್ತಸ್ರಾವ, ಅದರ ಮೇಲೆ ನೋವಿಗೆ ಕೊಡುವ ಮಾರ್ಫಿನ್ ಬಳಗದ ಔಷಧಿಗಳು, ಬಿಪಿ ಏರಿ ಫಿಟ್ಸ್ ಬರಬಾರದೆಂದು ಕೊಡುವ ಮೆಗ್ನೀಸಿಯಂ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗುವುದು, ಎದ್ದು ಓಡಾಡದೆ ಮಲಗಿರುವುದು — ಇವೆಲ್ಲ ಕರುಳನ್ನು ನಿಧಾನಗೊಳಿಸುವಂಥವೇ. ಇಂಥ ಬಾಣಂತಿಯ ಸಿ.ಟಿ. ಸ್ಕ್ಯಾನ್‌ನಲ್ಲಿ ದೊಡ್ಡಕರುಳು ಬಲಗಡೆಯಿಂದ ಎಡ ಪಕ್ಕೆಯ ತಿರುವಿನವರೆಗೆ ಊದಿಕೊಂಡಿದ್ದು, ಅಲ್ಲಿಂದ ಕೆಳಕ್ಕೆ ಸಪ್ಪಗೆ ಮಲಗಿರುವುದು ಹಲವು ಬಾರಿ ಕಾಣುತ್ತದೆ. ಆ ತಿರುವಿನ ಆಸುಪಾಸಿನಲ್ಲೇ ಕರುಳಿನ ನರಪೂರೈಕೆ ಒಂದು ಮೂಲದಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಅಪರೂಪ ಎಂಬುದು ನಿಜ. ಆದರೆ ಸಿಸೇರಿಯನ್ ಎಷ್ಟು ನಡೆಯುತ್ತಿದೆ ಎಂಬುದನ್ನು ನೋಡದೆ ಅಪರೂಪದ ಅಳತೆ ಸಿಗದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 23.6 ಇತ್ತು. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು. ಇವುಗಳಲ್ಲಿ ಎಷ್ಟು ಬೇಕಿದ್ದವು, ಎಷ್ಟು ಬೇಡದವು ಎಂಬ ಚರ್ಚೆ ನಡೆಯುತ್ತಲೇ ಇದೆ, ನಡೆಯಲೂಬೇಕು. ತಾಯಿಯನ್ನೋ ಮಗುವನ್ನೋ ಉಳಿಸುವ ಸಿಸೇರಿಯನ್ ಬಗ್ಗೆ ಯಾರಲ್ಲೂ ಭಯ ಬಿತ್ತುವ ಉದ್ದೇಶ ನನಗಿಲ್ಲ. ಮೂರು ಹೆರಿಗೆಯಲ್ಲಿ ಹೆಚ್ಚುಕಡಿಮೆ ಒಂದು ಆಪರೇಷನ್ ಆಗುವ ನಾಡಿನಲ್ಲಿ, ಒಬ್ಬ ಹೆರಿಗೆ ತಜ್ಞೆ ತನ್ನ ವೃತ್ತಿಜೀವನದಲ್ಲಿ ಇದನ್ನು ಒಮ್ಮೆಯಾದರೂ ಎದುರಿಸುವ ಸಾಧ್ಯತೆಯಿದೆ. ಆ ಒಮ್ಮೆ ಗುರುತಿಸಲು ಅದರ ಹೆಸರು ನೆನಪಿರಬೇಕು.

ಅಪಾಯ ಇರುವುದು ಹೊಟ್ಟೆಯ ಬಲಗಡೆ, ಕೆಳಭಾಗದಲ್ಲಿ. ಸಣ್ಣಕರುಳು ಬಂದು ದೊಡ್ಡಕರುಳಿಗೆ ಸೇರುವ ಕಡೆ, ಅಪೆಂಡಿಕ್ಸ್ ಜೋತುಬಿದ್ದಿರುವ ಚೀಲದಂಥ ಭಾಗವೊಂದಿದೆ, ಅದರ ಹೆಸರು ಸೀಕಮ್. ದೊಡ್ಡಕರುಳಿನಲ್ಲಿ ಅತಿ ಅಗಲದ ಜಾಗ ಅದೇ, ಅದರ ಗೋಡೆಯೂ ತೆಳು. ಸಣ್ಣಕರುಳಿನ ಕಡೆಗೆ ಗಾಳಿ ವಾಪಸ್ ಹೋಗದಂತೆ ಅಲ್ಲೊಂದು ಕವಾಟವಿದೆ. ಕವಾಟ ಬಿಗಿಯಾಗಿದ್ದರೆ ತುಂಬಿದ ಗಾಳಿಗೆ ಹಿಂದಕ್ಕೂ ದಾರಿಯಿಲ್ಲ, ಮುಂದಕ್ಕೂ ಇಲ್ಲ. ಉದ್ದನೆಯ ಬಲೂನ್ ಊದಿ ನೋಡಿದವರಿಗೆ ಗೊತ್ತು, ಮೊದಲು ಉಬ್ಬಿದ ಕಡೆಯೇ ಮತ್ತೆ ಮತ್ತೆ ಉಬ್ಬುತ್ತದೆ, ಕಿರಿದಾದ ತುದಿ ಹಾಗೇ ಉಳಿಯುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್‌ನ ಹೆಸರಿನಲ್ಲಿರುವ ನಿಯಮ ಹೇಳುವುದೂ ಇದನ್ನೇ: ಒಳಗಿನ ಒತ್ತಡ ಒಂದೇ ಆಗಿದ್ದರೂ ಅಗಲ ಹೆಚ್ಚಿದ್ದ ಕಡೆ ಗೋಡೆಯ ಮೇಲಿನ ಎಳೆತ ಹೆಚ್ಚು. ಹಾಗಾಗಿ ಸೀಕಮ್ ಉಳಿದೆಲ್ಲ ಭಾಗಕ್ಕಿಂತ ಮೊದಲು ಸೋಲುತ್ತದೆ. ಎಳೆತಕ್ಕೆ ಸಿಕ್ಕ ಗೋಡೆಯ ರಕ್ತನಾಳಗಳು ಒತ್ತಿಹೋಗಿ, ರಕ್ತ ಸಿಗದೆ ಅದು ಕಪ್ಪಾಗಿ, ಕೊನೆಗೆ ತೂತಾಗುತ್ತದೆ. ಮಲ ಹೊಟ್ಟೆಯೊಳಗೆಲ್ಲ ಹರಡುತ್ತದೆ.

ವಾರ್ಡಿನಲ್ಲಿ ಇದು ಕಾಣಿಸಿಕೊಳ್ಳುವ ಬಗೆ ಸದ್ದಿಲ್ಲದ್ದು. ಮೊದಲ ದಿನ ಎಲ್ಲ ಸರಿಯಿರುತ್ತದೆ. ಎರಡನೆಯ ದಿನ ಬಾಣಂತಿ ‘ಹೊಟ್ಟೆ ಬಿಗಿತಾ ಇದೆ’ ಎನ್ನುತ್ತಾಳೆ. ಓಡಾಡಿದರೆ ಸರಿಹೋಗುತ್ತದೆ ಎಂಬ ಮಾತು ಬರುತ್ತದೆ, ಅದು ತಪ್ಪೂ ಅಲ್ಲ. ಮನೆಯಿಂದ ಓಮದ ಕಷಾಯ ಬರುತ್ತದೆ, ಜೀರಿಗೆ ನೀರು ಬರುತ್ತದೆ. ಮೂರನೆಯ ದಿನದ ಹೊತ್ತಿಗೆ ಹೊಟ್ಟೆ ಹೆರಿಗೆಗೆ ಮುಂಚಿನಷ್ಟೇ ಎತ್ತರವಾಗಿರುತ್ತದೆ. ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು. ಮಗುವಿಗೆ ಹಾಲು ಕೊಡಲು ಪಕ್ಕಕ್ಕೆ ಹೊರಳಲಾಗದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೂ ಉಸಿರು ಮೇಲಿಂದ ಮೇಲೆ. ಉಬ್ಬಿದ ಕರುಳು ವಪೆಯನ್ನು ಮೇಲಕ್ಕೆ ದೂಡಿರುತ್ತದೆ. ನಾಡಿ 110, 120. ಜ್ವರ ಇರಬಹುದು, ಇಲ್ಲದೆಯೂ ಇರಬಹುದು. ವಾಂತಿ ತಡವಾಗಿ ಬರುತ್ತದೆ, ಬರದೆಯೂ ಹೋಗಬಹುದು.

ಇಷ್ಟಾದರೂ ಸಂಶಯ ಬೇರೆಡೆಗೆ ಹೋಗಲು ಕಾರಣಗಳಿವೆ. ನೋವು ಬಲಗಡೆ ಕೆಳಗಿದೆ ಎಂದರೆ ಹೊಲಿಗೆಯೂ ಅಲ್ಲೇ ಇದೆಯಲ್ಲ, ಹೊಲಿಗೆಯ ನೋವಿರಬೇಕು ಎನ್ನಿಸುತ್ತದೆ. ನೋವಿನ ಇಂಜೆಕ್ಷನ್ ಕೊಟ್ಟರೆ ನೋವು ಕಾಣುವುದಿಲ್ಲ, ಕರುಳು ಮಾತ್ರ ಇನ್ನಷ್ಟು ಮಂದವಾಗುತ್ತದೆ. ಕರುಳು ತೂತಾದಾಗ ಬೇರೆ ರೋಗಿಗಳಲ್ಲಿ ಹೊಟ್ಟೆಯ ಸ್ನಾಯು ಹಲಗೆಯಂತೆ ಬಿಗಿಯುವುದನ್ನು ಸರ್ಜನ್‌ಗಳು ಬೆರಳಲ್ಲೇ ಗುರುತಿಸುತ್ತಾರೆ. ಒಂಬತ್ತು ತಿಂಗಳು ಹಿಗ್ಗಿ ಸಡಿಲಾದ ಬಾಣಂತಿಯ ಹೊಟ್ಟೆಯಲ್ಲಿ ಆ ಬಿಗಿತ ಸರಿಯಾಗಿ ಗೊತ್ತಾಗುವುದೇ ಇಲ್ಲ. ಮೇಲಾಗಿ ಹೆರಿಗೆಯಾದ ಮೇಲೆ ವಾರ್ಡಿನ ಕಣ್ಣೆಲ್ಲ ತೊಟ್ಟಿಲ ಕಡೆ. ಮಗು ಮೊಲೆ ಹಿಡಿಯಿತೇ, ಉಚ್ಚೆ ಹೊಯ್ಯಿತೇ, ಹಳದಿಯಾಯಿತೇ ಎಂದು ನೋಡುವವರು ಹತ್ತು ಜನ. ತಾಯಿಯ ಹೊಟ್ಟೆಯ ಮೇಲಿನ ಬೆಲ್ಟ್ ಬಿಚ್ಚಿ ನೋಡುವವರು ಯಾರು?

ಬೆಲ್ಟಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆಯನ್ನೋ ಪಂಚೆಯನ್ನೋ ಬಿಗಿಯಾಗಿ ಸುತ್ತುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಆಸ್ಪತ್ರೆಗಳಲ್ಲಿ ಅದರ ಜಾಗಕ್ಕೆ ಎಲಾಸ್ಟಿಕ್ ಬೆಲ್ಟ್ ಬಂದಿದೆ. ಹೊಲಿಗೆಗೆ ಆಸರೆಯಾಗಿ, ಎದ್ದು ನಡೆಯುವಾಗ ಅದರಿಂದ ಹಿತವೂ ಆಗುತ್ತದೆ. ಅದು ಈ ಕಾಯಿಲೆ ತರುವುದಿಲ್ಲ. ಏರುತ್ತಿರುವ ಹೊಟ್ಟೆಯನ್ನು ಮರೆಮಾಡುತ್ತದೆ, ಬಿಗಿತಕ್ಕೆ ಬೆಲ್ಟೇ ಕಾರಣ ಎಂಬ ತಪ್ಪು ಸಮಾಧಾನವನ್ನೂ ಕೊಡುತ್ತದೆ. ಚೆನ್ನಾಗಿ ನಡೆಸುವ ವಾರ್ಡುಗಳಲ್ಲಿ ಉಬ್ಬರವಿರುವ ಬಾಣಂತಿಯ ಬೆಲ್ಟ್ ಬಿಚ್ಚಿ, ಹೊಕ್ಕುಳಿನ ಮಟ್ಟದಲ್ಲಿ ಟೇಪ್ ಹಿಡಿದು ಸುತ್ತಳತೆ ತೆಗೆಯುತ್ತಾರೆ. ಟೇಪ್ ಹಾದ ಜಾಗಕ್ಕೆ ಚರ್ಮದ ಮೇಲೆ ಪೆನ್ನಿನಿಂದ ಎರಡು ಕಡೆ ಗುರುತು ಹಾಕುತ್ತಾರೆ, ಮುಂದಿನ ಪಾಳಿಯ ನರ್ಸ್ ಅದೇ ಜಾಗದಲ್ಲಿ ಅಳೆಯಲಿ ಎಂದು. ನಾಲ್ಕಾರು ಗಂಟೆ ಬಿಟ್ಟು ಮತ್ತೆ ಅಳೆದಾಗ ಎರಡು ಸೆಂಟಿಮೀಟರ್ ಏರಿದ್ದರೆ, ‘ಗ್ಯಾಸ್ ಹೋಗಿದೆ’ ಎಂಬ ಟಿಕ್ ಗುರುತಿಗಿಂತ ಆ ಎರಡು ಸೆಂಟಿಮೀಟರ್ ಹೆಚ್ಚು ನಂಬಲರ್ಹ. ಖರ್ಚು ಒಂದು ದರ್ಜಿ ಟೇಪಿನದು.

ಆಮೇಲೆ ಎಕ್ಸ್-ರೇ. ಹೊಟ್ಟೆಯ ಸಾದಾ ಎಕ್ಸ್-ರೇಯಲ್ಲಿ ಉಬ್ಬಿದ ದೊಡ್ಡಕರುಳು ಚೌಕಟ್ಟಿನಂತೆ ಕಪ್ಪಾಗಿ ಕಾಣುತ್ತದೆ. ಸೀಕಮ್‌ನ ಅಗಲ 9 ಸೆಂಟಿಮೀಟರ್ ದಾಟಿದರೆ ಅದು ಸಹಜವಲ್ಲ. 12 ದಾಟಿದರೆ ತೂತಾಗುವ ಅಪಾಯ ಸಮೀಪಿಸಿದೆ ಎಂದು ಅರ್ಥ. ಆದರೆ ಅಳತೆಯೊಂದೇ ಸಾಲದು, ಎಷ್ಟು ದಿನದಿಂದ ಉಬ್ಬಿದೆ ಎಂಬುದೂ ಮುಖ್ಯ. 1986ರಲ್ಲಿ ವಾನೆಕ್ ಮತ್ತು ಅಲ್-ಸಾಲ್ಟಿ ಎಂಬ ಸರ್ಜನ್‌ಗಳು 400 ರೋಗಿಗಳ ವಿವರಗಳನ್ನು ಒಟ್ಟು ಸೇರಿಸಿ ನೋಡಿದರು. ಸೀಕಮ್ ಅಗಲವಾದಷ್ಟೂ, ಉಬ್ಬರ ಇಳಿಸಲು ತಡವಾದಷ್ಟೂ ಸಾವು ಹೆಚ್ಚು ಎಂಬುದು ಅದರಲ್ಲಿ ಸ್ಪಷ್ಟವಾಗಿತ್ತು. ಆ ರೋಗಿಗಳಲ್ಲಿ ಬಹುಪಾಲು ಬೇರೆ ಕಾಯಿಲೆಗಳಿದ್ದ ವಯಸ್ಸಾದವರು, ಹರೆಯದ ತಾಯಂದಿರ ಚೇತರಿಕೆಯ ಶಕ್ತಿ ಹೆಚ್ಚು. ಆದರೂ ತಡಮಾಡಿದರೆ ಕೆಡುತ್ತದೆ ಎಂಬ ನಿಯಮ ಇವರಿಗೂ ಒಂದೇ. ಎಕ್ಸ್-ರೇಯ ಬಳಿಕ ಕಾಂಟ್ರಾಸ್ಟ್ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡಿಸುವುದು ನಿಜವಾದ ತಡೆಯೇನಾದರೂ ಇದೆಯೇ, ಕರುಳು ತಿರುಚಿದೆಯೇ, ಆಗಲೇ ತೂತಾಗಿದೆಯೇ ಎಂದು ತಿಳಿಯಲು. ಚಿಕಿತ್ಸೆ ಪೂರ್ತಿ ಬದಲಾಗುವುದರಿಂದ ಈ ಹಂತವನ್ನು ಹಾರಿಸುವಂತಿಲ್ಲ.

ಹೊತ್ತಿಗೆ ಸರಿಯಾಗಿ ಸಿಕ್ಕರೆ ಹೆಚ್ಚಿನವರಿಗೆ ಚಾಕು ಬೇಕಾಗುವುದಿಲ್ಲ. ಬಾಯಿಗೆ ಏನೂ ಕೊಡದೆ ಗ್ಲೂಕೋಸ್ ಡ್ರಿಪ್, ಮೂಗಿನಿಂದ ಜಠರಕ್ಕೆ ರೈಲ್ಸ್ ಟ್ಯೂಬ್, ಗುದದ್ವಾರದಲ್ಲಿ ಒಂದು ಫ್ಲೇಟಸ್ ಟ್ಯೂಬ್. ಪೊಟ್ಯಾಸಿಯಂ, ಮೆಗ್ನೀಸಿಯಂ ಪರೀಕ್ಷಿಸಿ ಸರಿಪಡಿಸುವುದು. ಮಾರ್ಫಿನ್, ಟ್ರಮಡಾಲ್‌ನಂಥವನ್ನು ನಿಲ್ಲಿಸಿ ನೋವಿಗೆ ಬೇರೆ ಮದ್ದು. ಹಾಸಿಗೆಯಿಂದ ಎಬ್ಬಿಸಿ ನಡೆಸುವುದು, ಆಗಾಗ ಮಗ್ಗುಲು ಬದಲಿಸುವುದು. ಮಲಬದ್ಧತೆಯೆಂದು ಲ್ಯಾಕ್ಟುಲೋಸ್ ಸಿರಪ್ ಕುಡಿಸುವುದು ಮಾತ್ರ ಕೂಡದು, ಅದು ಕರುಳಿನಲ್ಲಿ ಹುದುಗಿ ಇನ್ನಷ್ಟು ಗಾಳಿ ಮಾಡುತ್ತದೆ. ಹೀಗೆ ಒಂದೆರಡು ದಿನ ದಿನವೂ ಎಕ್ಸ್-ರೇ ತೆಗೆದು ನೋಡುತ್ತ ಕಾಯುತ್ತಾರೆ.

ಇಳಿಯದಿದ್ದರೆ ನಿಯೋಸ್ಟಿಗ್ಮಿನ್. ಮಂಕಾದ ಪ್ಯಾರಾಸಿಂಪಥೆಟಿಕ್ ನರಗಳ ಸಂದೇಶವನ್ನು ಬಲಪಡಿಸುವ ಇಂಜೆಕ್ಷನ್ ಇದು. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೋನೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಪುಟ್ಟ ಅಧ್ಯಯನವೊಂದು ಈ ಕಾಯಿಲೆಯ ಚಿಕಿತ್ಸೆಯನ್ನೇ ಬದಲಿಸಿತು. 21 ರೋಗಿಗಳಲ್ಲಿ 11 ಮಂದಿಗೆ 2 ಮಿಲಿಗ್ರಾಂ ನಿಯೋಸ್ಟಿಗ್ಮಿನ್, 10 ಮಂದಿಗೆ ಬರೀ ಸಲೈನ್ ಕೊಟ್ಟರು. ಮದ್ದು ಪಡೆದ 11ರಲ್ಲಿ 10 ಮಂದಿಗೆ ಕೂಡಲೇ ಉಬ್ಬರ ಇಳಿಯಿತು, ಸಲೈನ್ ಪಡೆದವರಲ್ಲಿ ಒಬ್ಬರಿಗೂ ಇಳಿಯಲಿಲ್ಲ. ಪರಿಣಾಮ ಕಾಣಲು ಹಿಡಿದ ಮಧ್ಯಮ ಅವಧಿ ನಾಲ್ಕೇ ನಿಮಿಷ. ವೈದ್ಯಕೀಯ ಅಧ್ಯಯನಗಳಲ್ಲಿ ಇಷ್ಟು ನಿಚ್ಚಳವಾದ ಫಲಿತಾಂಶ ಸಿಗುವುದು ಕಡಿಮೆ.

ಇದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗುವ ದುಬಾರಿ ಮದ್ದಲ್ಲ. ಅರಿವಳಿಕೆ ತಜ್ಞರು ಆಪರೇಷನ್ ಮುಗಿದ ಮೇಲೆ ಸ್ನಾಯು ಸಡಿಲಿಸಿದ ಔಷಧದ ಪರಿಣಾಮ ಇಳಿಸಲು ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ. ನಾಗರಹಾವು ಕಚ್ಚಿ ರೆಪ್ಪೆ ಬೀಳುತ್ತಿರುವವರಿಗೂ ಇದನ್ನು ಅಟ್ರೋಪಿನ್ ಜೊತೆ ಕೊಡುತ್ತಾರೆ. ಹಾಗಾಗಿ ಹಾವು ಕಡಿತಕ್ಕೆ ಚಿಕಿತ್ಸೆ ಕೊಡುವ ತಾಲ್ಲೂಕು ಆಸ್ಪತ್ರೆಗಳಿಗೆ ಇದು ಅಪರಿಚಿತವಲ್ಲ. ಆದರೆ ಇದನ್ನು ವಾರ್ಡಿನಲ್ಲಿ ಸುಮ್ಮನೆ ಚುಚ್ಚಿ ಹೋಗುವಂತಿಲ್ಲ. ಹೃದಯದ ಬಡಿತ ಇದ್ದಕ್ಕಿದ್ದಂತೆ ಇಳಿಯಬಹುದು. ಇಸಿಜಿ ಮಾನಿಟರ್ ಹಚ್ಚಿ, ಅಟ್ರೋಪಿನ್ ಸಿರಿಂಜಿನಲ್ಲಿ ಎಳೆದಿಟ್ಟುಕೊಂಡು, ಪಕ್ಕದಲ್ಲಿ ವೈದ್ಯರು ನಿಂತೇ ಕೊಡಬೇಕು. ಅಸ್ತಮಾ ಇರುವವರಿಗೆ, ಕರುಳಿನಲ್ಲಿ ನಿಜವಾದ ತಡೆ ಅಥವಾ ತೂತಿನ ಸಂಶಯ ಇರುವವರಿಗೆ ಕೊಡುವಂತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮದ್ದಿದ್ದೂ ಸಿ.ಟಿ. ಇಲ್ಲದಿದ್ದರೆ, ಬಾಣಂತಿಯನ್ನು ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಸೀಕಮ್ 9 ಸೆಂಟಿಮೀಟರ್ ಇರುವಾಗ ಕಳಿಸಬೇಕು, 13 ಆಗುವವರೆಗೆ ಕಾಯಬಾರದು. ನಿಯೋಸ್ಟಿಗ್ಮಿನ್ ಕೂಡ ಸೋತರೆ ಕೊಲನೋಸ್ಕೋಪ್ ಹಾಕಿ ಗಾಳಿ ಹೀರಿ ತೆಗೆಯುವುದಿದೆ. ಕರುಳು ಕಪ್ಪಾಗಿದ್ದರೆ, ತೂತಾಗಿದ್ದರೆ ಹೊಟ್ಟೆ ತೆರೆಯುವುದೊಂದೇ ದಾರಿ.

ಸಿಸೇರಿಯನ್ ಆದ ಮೇಲೆ ಉಬ್ಬುವ ಹೊಟ್ಟೆಗೆ ಬೇರೆ ಅಪರೂಪದ ಕಾರಣಗಳೂ ಉಂಟು. ಹಿಂದಿನ ಆಪರೇಷನ್‌ಗಳ ಅಂಟುಗಳಲ್ಲಿ ಸಣ್ಣಕರುಳು ಸಿಕ್ಕಿಕೊಳ್ಳುವುದು, ಗರ್ಭಕೋಶ ತಟ್ಟನೆ ಕುಗ್ಗಿದಾಗ ಸಡಿಲವಾಗಿದ್ದ ಸೀಕಮ್ ಅಥವಾ ಎಡಗಡೆಯ ಕರುಳು ತಿರುಚುವುದು, ಹೊಲಿಗೆಯ ಪದರಗಳ ನಡುವಿನ ಸಂದಿಯಲ್ಲಿ ಕರುಳಿನ ಕುಣಿಕೆ ನುಸುಳುವುದು, ಎರಡನೆಯ ಮೂರನೆಯ ಸಿಸೇರಿಯನ್‌ನಲ್ಲಿ ಅಂಟು ಬಿಡಿಸುವಾಗ ಕರುಳಿಗೆ ಗೊತ್ತಾಗದಂತೆ ಗಾಯವಾಗುವುದು. ಪ್ರತಿಯೊಂದರ ಚಿಕಿತ್ಸೆ ಬೇರೆ. ಗುರುತಿಸುವ ಮೊದಲ ಹೆಜ್ಜೆ ಮಾತ್ರ ಒಂದೇ, ಇಳಿಯಬೇಕಾದ ಹೊಟ್ಟೆ ಏರುತ್ತಿದೆ ಎಂದು ಯಾರಾದರೂ ಗಮನಿಸುವುದು.

ಇನ್ನು ಮನೆಗೆ ಹೋದ ಮೇಲಿನ ಮಾತು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರಿಗೆ ಏಳು ದಿನದವರೆಗೆ ಉಚಿತ ಊಟದ ವ್ಯವಸ್ಥೆಯಿದೆ. ಹಾಸಿಗೆಯ ಒತ್ತಡದಿಂದಲೋ ಮನೆಯವರ ಆತುರದಿಂದಲೋ, ಖಾಸಗಿಯಲ್ಲಿ ಬಿಲ್ಲಿನ ಭಯದಿಂದಲೋ ಮೂರು ನಾಲ್ಕನೆಯ ದಿನಕ್ಕೇ ಹೊರಡುವವರು ಬಹಳ. ಸಿಸೇರಿಯನ್ ಆದವರ ಮನೆಗೆ ಆಶಾ ಕಾರ್ಯಕರ್ತೆಯ ಭೇಟಿಗಳ ಲೆಕ್ಕ ಶುರುವಾಗುವುದು ಏಳನೆಯ ದಿನದಿಂದ, ಆ ಭೇಟಿಯ ನಮೂನೆ ಬಹುಮಟ್ಟಿಗೆ ಮಗುವಿಗಾಗಿ ರೂಪಿಸಿದ್ದು. ಮೂರರಿಂದ ಏಳರ ನಡುವಿನ ದಿನಗಳಲ್ಲಿ ಬಾಣಂತಿಯ ಹೊಟ್ಟೆ ನೋಡುವವರು ಮನೆಯವರು ಮಾತ್ರ. ಆ ದಿನಗಳೇ ಈ ಕಾಯಿಲೆ ಬಲಿಯುವ ದಿನಗಳೂ ಹೌದು. ಡಿಸ್ಚಾರ್ಜ್ ಹೊತ್ತಿಗೆ ಹೊಲಿಗೆ ಒದ್ದೆ ಮಾಡಬೇಡಿ, ಭಾರ ಎತ್ತಬೇಡಿ ಎಂದು ಹೇಳಿ ಕಳಿಸುವಾಗ, ‘ಹೊಟ್ಟೆ ದಿನದಿಂದ ದಿನಕ್ಕೆ ಏರಿದರೆ, ಬಲಗಡೆ ನೋವು ನಿಲ್ಲದಿದ್ದರೆ, ಉಸಿರು ಕಟ್ಟಿದರೆ, ಗಾಳಿ ಹೋಗುತ್ತಿದ್ದರೂ ಅದೇ ದಿನ ಬನ್ನಿ’ ಎಂಬ ಒಂದು ವಾಕ್ಯವನ್ನೂ ಸೇರಿಸಬೇಕು. ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಬಾಣಂತಿಗೆ ನೀರು ಕಡಿಮೆ ಕೊಡಬೇಕು, ಕುಡಿದರೆ ಹೊಟ್ಟೆ ಇಳಿಯುವುದಿಲ್ಲ ಎಂಬ ಮಾತು ಇನ್ನೂ ಅನೇಕ ಮನೆಗಳಲ್ಲಿ ಜೀವಂತವಾಗಿದೆ. ಕರುಳಿನ ದೃಷ್ಟಿಯಿಂದ ಅದಕ್ಕೆ ಯಾವ ಆಧಾರವೂ ಇಲ್ಲ, ಹಾಲೂಡಿಸುವ ತಾಯಿಗೆ ನೀರು ಬೇಕೇ ಬೇಕು. ಸಿಸೇರಿಯನ್ ಚೇತರಿಕೆಯ ಬಗ್ಗೆ ಈರಾಸ್ ಸೊಸೈಟಿ 2019ರಲ್ಲಿ ಹೊರತಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ತೊಂದರೆಯಿಲ್ಲದ ಬಾಣಂತಿಗೆ ಆಪರೇಷನ್ ಆದ ಎರಡು ಗಂಟೆಯೊಳಗೇ ಸಾಮಾನ್ಯ ಆಹಾರ ಕೊಡಬಹುದು ಎನ್ನುತ್ತದೆ. ಊಟ ತಡವಾಗುವುದಾದರೆ ಚ್ಯೂಯಿಂಗ್ ಗಮ್ ಜಗಿಸುವುದರಿಂದ ಕರುಳು ಬೇಗ ಚುರುಕಾಗುತ್ತದೆ ಎಂಬುದಕ್ಕೂ ಪುರಾವೆಗಳಿವೆ. ಜಗಿತ ಕರುಳಿಗೆ ಊಟ ಬಂತೆಂಬ ಸೂಚನೆ ಕೊಡುತ್ತದೆ. ಬೇಗ ಎಬ್ಬಿಸಿ ನಡೆಸುವುದಂತೂ ಸರಿಯೇ ಸರಿ. ಇವೆಲ್ಲ ಸಾಧಾರಣ ಉಬ್ಬರಕ್ಕೆ. ಏರುತ್ತಲೇ ಇರುವ ಉಬ್ಬರಕ್ಕೆ ಮನೆಮದ್ದು ಮಾಡುತ್ತ ಕೂರಬಾರದು.

ಕರುಳು ತೂತಾಗಿ ಹೊಟ್ಟೆ ತೆರೆಯಬೇಕಾಗಿ ಬಂದವರಲ್ಲಿ ದೊಡ್ಡಕರುಳಿನ ಬಲಭಾಗವನ್ನು ಕತ್ತರಿಸಿ, ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುವುದು ಹಲವು ಬಾರಿ ಅನಿವಾರ್ಯವಾಗುತ್ತದೆ. ಆ ಚೀಲವನ್ನು ಪಕ್ಕಕ್ಕೆ ಸರಿಸಿಕೊಂಡು, ಮಗುವನ್ನು ಇನ್ನೊಂದು ಪಕ್ಕದಿಂದ ಎದೆಗೆ ಒತ್ತಿ ಹಾಲೂಡಿಸುವುದನ್ನು ನರ್ಸ್ ಹೇಳಿಕೊಡುತ್ತಾಳೆ, ತಾಯಂದಿರು ಕಲಿಯುತ್ತಾರೆ. ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್‌ನಲ್ಲಿ ಕರುಳನ್ನು ಮತ್ತೆ ಜೋಡಿಸುತ್ತಾರೆ. ಇವರ ಡಿಸ್ಚಾರ್ಜ್ ಹಾಳೆಯಲ್ಲಿ ‘ಎಲ್‌ಎಸ್‌ಸಿಎಸ್ (ಸಿಸೇರಿಯನ್), ಆನಂತರ ಹೊಟ್ಟೆಯ ಆಪರೇಷನ್’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಕಾಯಿಲೆಯ ಹೆಸರು, ಕರುಳಿನ ಎಷ್ಟು ಭಾಗ ತೆಗೆಯಲಾಯಿತು, ಯಾವ ನೋವಿನ ಮದ್ದು ನಡೆಯುತ್ತಿತ್ತು ಎಂಬುದನ್ನೆಲ್ಲ ಬರೆಯಬೇಕು. ಇಂಥ ತಾಯಿ ಮತ್ತೆ ಗರ್ಭಿಣಿಯಾದರೆ ಆ ಹೆರಿಗೆ ಬೇರೆ ಊರಿನಲ್ಲಿ, ಬೇರೆ ವೈದ್ಯರ ಕೈಯಲ್ಲಿ ಆಗಬಹುದು. ಹೊಟ್ಟೆಯೊಳಗೆ ಅಂಟುಗಳಿವೆ, ಜೊತೆಗೆ ಸರ್ಜನ್ ಒಬ್ಬರು ಬೇಕು ಎಂಬುದು ಅವರಿಗೆ ಮೊದಲೇ ಗೊತ್ತಾಗುವುದು ಆ ಹಾಳೆಯಿಂದಲೇ.